ಚಿತ್ರಕಥೆಯ ಪುಟದಲ್ಲಿ ವಿಜ್ಞಾನ ಪಾಠ: ‘ಇಂಟರ್‌ಸ್ಟೆಲ್ಲರ್’ ಓದಿದ ಪ್ರಶಿಕ್ಷಣಾರ್ಥಿಯ ಟಿಪ್ಪಣಿ

2014ರ ನವೆಂಬರಿನಲ್ಲಿ ತೆರೆಕಂಡ ‘ಇಂಟರ್‌ಸ್ಟೆಲ್ಲರ್’ ಚಿತ್ರವನ್ನು ನೋಡಿರುವವರು ನಮ್ಮ ವಿಜ್ಞಾನ ವಿಭಾಗದಲ್ಲಿ ಬಹಳ ಮಂದಿ ಇದ್ದಾರೆ. ಅದರ ಚಿತ್ರಕಥೆ ಅದೇ ವರ್ಷ ಪುಸ್ತಕವಾಗಿಯೂ ಬಂದಿದೆ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಜೊನಾಥನ್ ನೋಲನ್ ಮತ್ತು ಕ್ರಿಸ್ಟೋಫರ್ ನೋಲನ್ ಸಹೋದರರು ಬರೆದ ಪೂರ್ಣ ಚಿತ್ರಕಥೆ, ಆಯ್ದ ಕೆಲವು ದೃಶ್ಯಗಳ ಸ್ಟೋರಿಬೋರ್ಡ್ ಚಿತ್ರಗಳು, ಜೊತೆಗೆ ಅಣ್ಣ ತಮ್ಮ ಇಬ್ಬರ ಒಂದು ಮಾತುಕತೆ ಅದರಲ್ಲಿವೆ. ಸಿನಿಮಾ ನೋಡಿದ ಮೇಲೆ ಚಿತ್ರಕಥೆಯನ್ನು ಯಾಕೆ ಓದಬೇಕು, ಅದರಲ್ಲೂ ಬಿ.ಎಡ್. ಓದುವವರು ಯಾಕೆ ಓದಬೇಕು ಎಂಬ ಪ್ರಶ್ನೆ ಸಹಜ. ಅದಕ್ಕೆ ನನಗೆ ತೋರಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಪುಸ್ತಕದಲ್ಲಿ ವಿಜ್ಞಾನದ ವಿವರಣೆ ಎಲ್ಲೆಲ್ಲಿ ಬರುತ್ತದೆಯೋ ಅಲ್ಲೆಲ್ಲ ಯಾರಿಗೋ ಅದರ ಅಗತ್ಯ ಬಿದ್ದಿರುತ್ತದೆ. ನಮ್ಮ ಪಾಠಯೋಜನೆಯಲ್ಲಿ ವಿವರಣೆ ಬರುವುದು ಅಂಕಣದಲ್ಲಿ ಅದರ ಸರದಿ ಬಂದಾಗ. ಈ ವ್ಯತ್ಯಾಸ ಸಿನಿಮಾ ನೋಡುವಾಗ ಕಣ್ಣಿಗೆ ಬೀಳುವುದಿಲ್ಲ, ಪುಟದ ಮೇಲೆ ಬೀಳುತ್ತದೆ.

ಚಿತ್ರ ನೋಡದವರಿಗಾಗಿ ಕಥೆಯನ್ನು ನಾಲ್ಕು ವಾಕ್ಯದಲ್ಲಿ ಹೇಳಿಬಿಡುತ್ತೇನೆ. ಮುಂದೊಂದು ಕಾಲದಲ್ಲಿ ಭೂಮಿಯ ಮೇಲೆ ಬೆಳೆರೋಗ ಹಬ್ಬಿ ಮೆಕ್ಕೆಜೋಳ ಬಿಟ್ಟರೆ ಬೇರೇನೂ ಬೆಳೆಯದಂತಾಗಿದೆ, ಧೂಳಿನ ಬಿರುಗಾಳಿ ದಿನನಿತ್ಯದ್ದಾಗಿದೆ. ಹಿಂದೆ ಪೈಲಟ್ ಆಗಿದ್ದ ಕೂಪರ್ ಈಗ ರೈತ. ಅವನಿಗೆ 15 ವರ್ಷದ ಮಗ ಟಾಮ್, 10 ವರ್ಷದ ಮಗಳು ಮರ್ಫ್. ಶನಿಗ್ರಹದ ಬಳಿ ಕಾಣಿಸಿಕೊಂಡಿರುವ ವರ್ಮ್‌ಹೋಲ್ ಮೂಲಕ ಬೇರೊಂದು ಗ್ಯಾಲಕ್ಸಿಗೆ ಹೋಗಿ ವಾಸಯೋಗ್ಯ ಗ್ರಹ ಹುಡುಕುವ ಯಾನಕ್ಕೆ ಅವನು ಮಗಳನ್ನು ಬಿಟ್ಟು ಹೊರಡುತ್ತಾನೆ. ಆ ಗ್ರಹಗಳ ನಡುವೆ ‘ಗಾರ್ಗಾಂಚುವಾ’ ಎಂಬ ದೈತ್ಯ ಕಪ್ಪುರಂಧ್ರ ಇದೆ.

ಕಾಣುವುದು, ಕೇಳುವುದು ಮಾತ್ರ

ಚಿತ್ರಕಥೆ ಓದುವುದಕ್ಕೆ ಸ್ವಲ್ಪ ರೂಢಿ ಬೇಕು. ನಮ್ಮ ಕನ್ನಡ ಪಠ್ಯಪುಸ್ತಕಗಳಲ್ಲಿ ನಾಟಕದ ಭಾಗಗಳನ್ನು ಓದಿ ಬೆಳೆದ ನಮಗೆ ಸಂಭಾಷಣೆಯ ರೂಪ ಹೊಸದಲ್ಲ. ಆದರೆ ಇಲ್ಲಿ ಪ್ರತಿ ದೃಶ್ಯದ ತಲೆಯ ಮೇಲೆ ಒಂದು ಸಾಲು ಇರುತ್ತದೆ: ಒಳಾಂಗಣವೋ ಹೊರಾಂಗಣವೋ, ಯಾವ ಜಾಗ, ಹಗಲೋ ರಾತ್ರಿಯೋ. ಅದರ ಕೆಳಗೆ ವರ್ತಮಾನಕಾಲದಲ್ಲಿ ಕ್ರಿಯೆಯ ವಿವರ, ಆಮೇಲೆ ಪಾತ್ರದ ಹೆಸರು ಮತ್ತು ಮಾತು. ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಆ ವೃತ್ತಿಯಲ್ಲಿ ಚಾಲ್ತಿಯಲ್ಲಿರುವ ಅಂದಾಜು. ಈ ಚಿತ್ರದ ಅವಧಿ 169 ನಿಮಿಷ.

ಈ ಬರವಣಿಗೆಗೆ ಒಂದು ಕಟ್ಟುನಿಟ್ಟಿನ ಶಿಸ್ತು ಇದೆ. ಕ್ಯಾಮೆರಾ ನೋಡಲಾಗದ್ದನ್ನು, ಮೈಕ್ ಕೇಳಿಸಿಕೊಳ್ಳಲಾಗದ್ದನ್ನು ಸಾಮಾನ್ಯವಾಗಿ ಬರೆಯುವಂತಿಲ್ಲ. (ಇದೇ ಕ್ರಿಸ್ಟೋಫರ್ ನೋಲನ್ ‘ಓಪನ್‌ಹೈಮರ್’ ಚಿತ್ರಕಥೆಯ ಬಹುಭಾಗವನ್ನು ‘ನಾನು’ ಎಂದು ನಾಯಕನ ಬಾಯಲ್ಲೇ ಬರೆದು ಆ ವೃತ್ತಿಯ ರೂಢಿಯನ್ನು ಮುರಿದದ್ದೂ ಉಂಟು. ನಿಯಮ ಬಲ್ಲವರು ಮುರಿಯಬಹುದು ಎನ್ನೋಣ.) ಧೂಳಿನಿಂದ ಜನ ಬೇಸತ್ತಿದ್ದಾರೆ ಎಂದು ಬರೆದರೆ ಅದನ್ನು ಚಿತ್ರೀಕರಿಸುವುದು ಹೇಗೆ? ಊಟದ ಮೇಜಿನ ಮೇಲೆ ತಟ್ಟೆಗಳನ್ನು ಬೋರಲು ಇಡುತ್ತಾರೆ ಎಂದರೆ ಚಿತ್ರೀಕರಿಸಬಹುದು, ಬೇಸರವೂ ಅದರಿಂದಲೇ ತಿಳಿಯುತ್ತದೆ.

ಈ ಶಿಸ್ತನ್ನು ನಮ್ಮ ಪಾಠಯೋಜನೆಯ ಪುಟದ ಪಕ್ಕದಲ್ಲಿಟ್ಟು ನೋಡಿ. ಕಲಿಕಾನುಭವದ ಅಂಕಣದಲ್ಲಿ ನಾವೆಲ್ಲರೂ ಬರೆಯುವ ಎರಡು ವಾಕ್ಯಗಳಿವೆ: ‘ಶಿಕ್ಷಕರು ವಿವರಿಸುವರು’, ‘ವಿದ್ಯಾರ್ಥಿಗಳು ಗಮನವಿಟ್ಟು ಆಲಿಸಿ ಅರ್ಥಮಾಡಿಕೊಳ್ಳುವರು’. ಇವನ್ನು ಚಿತ್ರಕಥೆ ಎಂದು ಯಾರಿಗಾದರೂ ಕೊಟ್ಟರೆ ಅವರು ಕ್ಯಾಮೆರಾವನ್ನು ಎಲ್ಲಿಡಬೇಕು? ‘ಅರ್ಥಮಾಡಿಕೊಳ್ಳುವರು’ ಎಂಬುದು ಕಣ್ಣಿಗೆ ಕಾಣುವ ಕ್ರಿಯೆಯಲ್ಲ. ಉದ್ದೇಶಗಳನ್ನು ವರ್ತನೆಯ ರೂಪದಲ್ಲಿ ಬರೆಯಿರಿ, ‘ಗುರುತಿಸುವರು’, ‘ವ್ಯತ್ಯಾಸ ತಿಳಿಸುವರು’, ‘ಉದಾಹರಣೆ ಕೊಡುವರು’ ಎಂದು ನಿರ್ದಿಷ್ಟೀಕರಿಸಿ ಎಂದು ನಮ್ಮ ಗುರುಗಳು ಮೊದಲ ಸೆಮಿಸ್ಟರಿನಿಂದಲೂ ಹೇಳುತ್ತಲೇ ಇದ್ದಾರೆ. ನಾವು ಉದ್ದೇಶದ ಅಂಕಣದಲ್ಲಿ ಅದನ್ನು ಪಾಲಿಸಿ ಪಕ್ಕದ ಅಂಕಣದಲ್ಲಿ ಮರೆತುಬಿಡುತ್ತೇವೆ. ಚಿತ್ರಕಥೆಯ ನಾಲ್ಕು ಪುಟ ಓದಿದರೆ ಗುರುಗಳ ಮಾತಿನ ಕಾರಣ ಬೇಗ ಹೊಳೆಯುತ್ತದೆ.

ಓದುವುದಕ್ಕೆ ಇನ್ನೊಂದು ಲೌಕಿಕ ಕಾರಣವೂ ಇದೆ. ಈ ಚಿತ್ರ ಬಂದಾಗ ಸಂಗೀತದ ಅಬ್ಬರದಲ್ಲಿ ಮಾತು ಕೇಳಿಸುವುದಿಲ್ಲ ಎಂದು ಪ್ರೇಕ್ಷಕರು ದೂರಿದ್ದರು. ಇಂಗ್ಲಿಷ್ ಮಾತೃಭಾಷೆಯಾದವರಿಗೇ ಆ ಪಾಡು. ಪುಟದಲ್ಲಿ ಮಾತು ನಮಗಾಗಿ ಕಾಯುತ್ತದೆ. ಅರ್ಥವಾಗದಿದ್ದರೆ ಮತ್ತೆ ಓದಬಹುದು.

ಕಾಗದ ಮಡಚುವ ದೃಶ್ಯ

ವರ್ಮ್‌ಹೋಲ್ ಕುರಿತ ವಿವರಣೆ ಎಲ್ಲರಿಗೂ ನೆನಪಿರುವಂಥದ್ದು. ನೌಕೆ ಶನಿಯ ಬಳಿ ಬಂದಿದೆ. ಕೂಪರ್ ಕಿಟಕಿಯಿಂದ ನೋಡಿದರೆ ವರ್ಮ್‌ಹೋಲ್ ಗೋಳದ ಹಾಗೆ ಕಾಣುತ್ತಿದೆ, ಅವನಿಗೆ ಆಶ್ಚರ್ಯ. ಸಹಯಾನಿ ರೋಮಿಲಿ ಒಂದು ಕಾಗದ ತೆಗೆದುಕೊಂಡು ಎರಡು ಬಿಂದು ಗುರುತಿಸಿ, ಕಾಗದವನ್ನು ಬಾಗಿಸಿ, ಎರಡನ್ನೂ ಸೇರಿಸಿ ಪೆನ್ನಿನಿಂದ ತೂತು ಮಾಡಿ ತೋರಿಸುತ್ತಾನೆ. ಅಲ್ಲಿಗೆ ನಿಲ್ಲಿಸದೆ ಒಂದು ಪ್ರಶ್ನೆ ಕೇಳುತ್ತಾನೆ: ಕಾಗದದ ಮೇಲೆ ತೂತು ವೃತ್ತ, ಹಾಗಾದರೆ ಮೂರು ಆಯಾಮದಲ್ಲಿ ವೃತ್ತ ಏನಾಗುತ್ತದೆ? ಗೋಳ ಎಂಬ ಉತ್ತರ ಕೂಪರ್‌ನ ಬಾಯಿಂದಲೇ ಬರುತ್ತದೆ.

ಸೂಕ್ಷ್ಮಬೋಧನೆಯಲ್ಲಿ ನಾವು ಬಿಡಿಬಿಡಿಯಾಗಿ ಅಭ್ಯಾಸ ಮಾಡುವ ದೃಷ್ಟಾಂತ ಕೌಶಲ, ಪ್ರಶ್ನಿಸುವ ಕೌಶಲ, ವಿವರಣಾ ಕೌಶಲ ಮೂರೂ ಈ ಪುಟ್ಟ ದೃಶ್ಯದಲ್ಲಿವೆ. ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು ಅವುಗಳ ಕ್ರಮ. ಮೊದಲು ಕಿಟಕಿಯಲ್ಲಿ ಒಂದು ವಿಚಿತ್ರ ಕಾಣುತ್ತದೆ, ನಿರೀಕ್ಷೆ ಸುಳ್ಳಾಗುತ್ತದೆ. ಆಮೇಲೆ ಕಾಗದ ಹೊರಬರುತ್ತದೆ. ನಾವಾದರೆ ಮೊದಲು ಕಾಗದ ಮಡಚಿ, ಆಮೇಲೆ ಚಾರ್ಟಿನಲ್ಲಿ ಗೋಳ ತೋರಿಸುತ್ತಿದ್ದೆವು.

ಈ ದೃಶ್ಯದ ದೋಷವನ್ನೂ ಹೇಳಬೇಕು. ವರ್ಮ್‌ಹೋಲ್ ದಾಟಲೆಂದೇ ಹೊರಟು, ಸುಮಾರು ಎರಡು ವರ್ಷ ಪ್ರಯಾಣ ಮಾಡಿ ಬಂದ ಪೈಲಟ್‌ಗೆ ಅದರ ಆಕಾರ ಏನೆಂದು ಬಾಗಿಲ ಬಳಿ ಬಂದ ಮೇಲೆ ಹೇಳಿಕೊಡುವುದು ನಂಬುವ ಮಾತಲ್ಲ. ವಿವರಣೆ ಬೇಕಿದ್ದದ್ದು ಪ್ರೇಕ್ಷಕರಿಗೆ, ಕೂಪರ್ ಅವರ ಪರವಾಗಿ ಪೆದ್ದನಾಗಬೇಕಾಯಿತು. ಮಡಚಿದ ಕಾಗದದ ಉಪಾಯವೂ ಹೊಸದಲ್ಲ; 1997ರ ‘ಇವೆಂಟ್ ಹೊರೈಜನ್’ ಚಿತ್ರದಲ್ಲಿಯೂ ಅದು ಇದೆ. ನಮ್ಮ ತರಗತಿಗಳಲ್ಲಿಯೂ ಹೀಗಾಗುತ್ತದೆ. ವೀಕ್ಷಣೆಗೆ ಗುರುಗಳು ಹಿಂದಿನ ಬೆಂಚಿನಲ್ಲಿ ಕೂತಿದ್ದಾಗ, ಈಗಾಗಲೇ ಉತ್ತರ ಗೊತ್ತಿರುವ ಹುಡುಗನನ್ನೇ ಎಬ್ಬಿಸಿ ಪ್ರಶ್ನೆ ಕೇಳುತ್ತೇವಲ್ಲ, ಅದೂ ಇದೇ ಜಾತಿಯದು.

ಒಂದು ಗಂಟೆಗೆ ಏಳು ವರ್ಷ

ಪುಸ್ತಕದಲ್ಲಿ ನಾನು ಹೆಚ್ಚು ಸಲ ಓದಿದ ಭಾಗ ಮಿಲ್ಲರ್ ಗ್ರಹಕ್ಕೆ ಇಳಿಯುವ ಮುಂಚಿನ ಚರ್ಚೆ. ಮಿಲ್ಲರ್ ಎಂಬ ವಿಜ್ಞಾನಿ ಮೊದಲೇ ಹೋಗಿ ಇಳಿದಿರುವ ಗ್ರಹ ಅದು. ಕಪ್ಪುರಂಧ್ರಕ್ಕೆ ಅತಿ ಹತ್ತಿರ ಸುತ್ತುವುದರಿಂದ ಅಲ್ಲಿ ಕಳೆದ ಒಂದು ಗಂಟೆ ಭೂಮಿಯ ಏಳು ವರ್ಷಕ್ಕೆ ಸಮ. ಆ ಗ್ರಹದಿಂದ ಒಳ್ಳೆಯ ಸಂಕೇತ ಬರುತ್ತಿದೆ, ಹತ್ತಿರವೂ ಇದೆ. ಆದರೆ ಕೂಪರ್‌ನ ಮಕ್ಕಳು ಭೂಮಿಯಲ್ಲಿ ಬೆಳೆಯುತ್ತಿದ್ದಾರೆ. ಇಳಿಯಬೇಕೋ ಬೇಡವೋ? ಕಾಲವನ್ನೂ ಆಮ್ಲಜನಕ, ಆಹಾರದ ಹಾಗೆ ಒಂದು ಸಂಪನ್ಮೂಲವೆಂದು ಲೆಕ್ಕ ಹಾಕಬೇಕು ಎಂಬ ವಾದ ಬರುತ್ತದೆ. ಕೊನೆಗೆ ದೊಡ್ಡ ನೌಕೆಯನ್ನು ಕಾಲವ್ಯತ್ಯಾಸ ತಟ್ಟದಷ್ಟು ದೂರದ ಕಕ್ಷೆಯಲ್ಲಿಟ್ಟು, ರೋಮಿಲಿಯನ್ನು ಅಲ್ಲೇ ಬಿಟ್ಟು, ಸಣ್ಣ ನೌಕೆಯಲ್ಲಿ ಬೇಗ ಹೋಗಿ ಬೇಗ ಬರುವ ತೀರ್ಮಾನವಾಗುತ್ತದೆ.

ಸಾಪೇಕ್ಷತಾ ಸಿದ್ಧಾಂತದ ಪಾಠವೇ ಇದು. ಆದರೆ ಇಡೀ ಚರ್ಚೆಯಲ್ಲಿ ಯಾರೂ ಸಿದ್ಧಾಂತವನ್ನು ವ್ಯಾಖ್ಯಾನಿಸುವುದಿಲ್ಲ. ಒಂದು ಅನುಪಾತ ಕೊಡುತ್ತಾರೆ, ಅದರ ಮೇಲೆ ಜಗಳವಾಡುತ್ತಾರೆ, ಅಷ್ಟೆ.

ಅಭ್ಯಾಸ ಬೋಧನೆಯಲ್ಲಿ 9ನೇ ತರಗತಿಗೆ ಗುರುತ್ವಾಕರ್ಷಣೆಯ ಪಾಠ ಮುಗಿಸಿದ ನಂತರ ಸಿಕ್ಕ ಒಂದು ಹೆಚ್ಚುವರಿ ಅವಧಿಯಲ್ಲಿ ಈ ಚರ್ಚೆಯನ್ನು ನನ್ನ ಮಾತಿನಲ್ಲಿ ಒಂದು ಪುಟದ ಕನ್ನಡ ಸನ್ನಿವೇಶವಾಗಿ ಬರೆದುಕೊಂಡು ಹೋಗಿದ್ದೆ. ನಾಲ್ವರು ಮಕ್ಕಳು ಎದ್ದು ನಿಂತು ಪಾತ್ರಗಳಾಗಿ ಓದಿದರು. ತೀರ್ಮಾನದ ಭಾಗವನ್ನು ಓದಿಸದೆ ಅಲ್ಲಿಗೇ ನಿಲ್ಲಿಸಿ, ಕಪ್ಪುಹಲಗೆಯ ಮೇಲೆ ಅನುಪಾತ ಒಂದನ್ನೇ ಬರೆದೆ. ಏಳು ವರ್ಷವೆಂದರೆ ಎಷ್ಟು ಗಂಟೆ? 7×365×24, ಅಂದರೆ 61,320. ಅಂದರೆ ಅಲ್ಲಿನ ಒಂದು ಸೆಕೆಂಡು ಇಲ್ಲಿನ 61,320 ಸೆಕೆಂಡು, ಸುಮಾರು 17 ಗಂಟೆ. ಅಲ್ಲಿನ ಒಂದು ನಿಮಿಷಕ್ಕೆ ಇಲ್ಲಿ 42 ದಿನ ಕಳೆದು ಅರ್ಧ ದಿನ ಆಗಿರುತ್ತದೆ. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, ಹಾಗಾದರೆ ನಮ್ಮ ಒಂದು ಪೀರಿಯಡ್‌ಗೆ ಎಷ್ಟು ಸರ್ ಎಂದು ಕೇಳಿದಳು. ಅವರೇ ಲೆಕ್ಕ ಮಾಡಿದರು: 40 ನಿಮಿಷಕ್ಕೆ 4 ವರ್ಷ 8 ತಿಂಗಳು. ಆ ಗ್ರಹದಲ್ಲಿ ಒಂದು ಪೀರಿಯಡ್ ಕೂತು ಎದ್ದು ಬಂದರೆ ಪಕ್ಕದ ಸೆಕ್ಷನ್‌ನವರು ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಡಿಗ್ರಿ ಮೊದಲ ವರ್ಷದಲ್ಲಿ ಇರುತ್ತಾರೆ. ಇದನ್ನು ಕಂಡುಕೊಂಡ ಮೇಲೆ ಇಳಿಯಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಪ್ರಚೋದನೆ ಕೊಡಬೇಕಾಗಲಿಲ್ಲ. ಬೇಡ ಎಂದವರೇ ಹೆಚ್ಚು. ಅಮ್ಮನಿಗೆ ಫೋನ್ ಮಾಡಿ ಹೇಳಿದರೆ ಆಯಿತು ಎಂದು ಒಬ್ಬ ಹೇಳಿದ. ಆ ಕರೆ ಆ ಕಡೆ ಹೇಗೆ ಕೇಳಿಸಬಹುದು ಎಂದು ಇನ್ನೊಬ್ಬ ಎಳೆದೆಳೆದು ಮಾತಾಡಿ ತೋರಿಸಿದ. ಭೌತಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾದ ಅಭಿನಯ: ಅಲ್ಲಿಂದ ಬರುವ ಸಂಕೇತ ದೂರದವರಿಗೆ ಹಿಗ್ಗಿಯೇ ತಲುಪುತ್ತದೆ.

ಚಿತ್ರಕಥೆ ಮೌಲ್ಯಮಾಪನದ ಪ್ರಶ್ನೆಯನ್ನೂ ತಾನೇ ಒದಗಿಸುತ್ತದೆ. ದೈತ್ಯ ಅಲೆಗೆ ಸಿಕ್ಕಿ, ಎಂಜಿನ್‌ಗೆ ನೀರು ನುಗ್ಗಿ, ತಡವಾಗಿ ಮರಳಿದಾಗ ದೊಡ್ಡ ನೌಕೆಯಲ್ಲಿ 23 ವರ್ಷ 4 ತಿಂಗಳು 8 ದಿನ ಕಳೆದಿರುತ್ತವೆ. ಹಾಗಾದರೆ ಅವರು ಗ್ರಹದಲ್ಲಿ ಎಷ್ಟು ಹೊತ್ತು ಇದ್ದರು? ಏಳರಿಂದ ಭಾಗಿಸಿದರೆ ಸುಮಾರು 3 ಗಂಟೆ 20 ನಿಮಿಷ. ಇನ್ನೊಂದು ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಮಿಲ್ಲರ್ ಹೊರಟು ಒಂದು ದಶಕವಾಗಿದೆ, ಅಷ್ಟು ಕಾಲದಿಂದಲೂ ‘ಎಲ್ಲ ಸರಿಯಿದೆ’ ಎಂಬ ಸಂಕೇತ ಬರುತ್ತಿದೆ. ಹಾಗಿದ್ದರೆ ಅದನ್ನು ನಂಬಬಾರದಿತ್ತೆ? ಹತ್ತು ವರ್ಷವನ್ನು ಏಳರಿಂದ ಭಾಗಿಸಿ ನೋಡಿದ ಮಕ್ಕಳಿಗೆ ಉತ್ತರ ತಾನಾಗಿ ಸಿಗುತ್ತದೆ. ಆಕೆ ಇಳಿದು ಅಲ್ಲಿನ ಲೆಕ್ಕದಲ್ಲಿ ಒಂದೂವರೆ ಗಂಟೆಯೂ ಆಗಿರಲಿಲ್ಲ. ಹತ್ತು ವರ್ಷದ ಮಾಹಿತಿ ಎಂದುಕೊಂಡದ್ದು ಒಂದೇ ಸಂಕೇತದ ಪ್ರತಿಧ್ವನಿ. ದತ್ತಾಂಶ ಎಷ್ಟಿದೆ ಎಂಬುದಕ್ಕೂ ಎಷ್ಟು ಹೊತ್ತಿನದು ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನಮ್ಮ ಪಠ್ಯದಲ್ಲಿ ನನಗೆ ಸಿಕ್ಕಿಲ್ಲ.

ಈ ಭಾಗವನ್ನು ಬಳಸುವವರು ಮಕ್ಕಳಲ್ಲಿ ಮೂಡುವ ಎರಡು ತಪ್ಪು ಪರಿಕಲ್ಪನೆಗಳಿಗೆ ಸಿದ್ಧರಾಗಿರಬೇಕು. ಆ ಗ್ರಹದ ಗುರುತ್ವ ಭೂಮಿಯದರ 130 ಪ್ರತಿಶತ ಎಂದು ಚಿತ್ರಕಥೆಯಲ್ಲಿ ಬರುತ್ತದೆ. ಮಕ್ಕಳು ಕಾಲ ನಿಧಾನವಾಗುವುದಕ್ಕೆ ಅದೇ ಕಾರಣ ಎಂದುಕೊಳ್ಳುತ್ತಾರೆ. ಅದರಿಂದ 40 ಕಿಲೋಗ್ರಾಂ ರಾಶಿಯ ಹುಡುಗನ ತೂಕ 392 ನ್ಯೂಟನ್‌ನಿಂದ ಸುಮಾರು 510 ನ್ಯೂಟನ್‌ಗೆ ಏರುತ್ತದೆಯೇ ಹೊರತು ಗಡಿಯಾರಕ್ಕೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಕಾಲವನ್ನು ಹಿಗ್ಗಿಸುವುದು ಪಕ್ಕದ ಕಪ್ಪುರಂಧ್ರ. ಎರಡನೆಯದು, ಅಲ್ಲಿರುವವರಿಗೆ ಎಲ್ಲವೂ ನಿಧಾನವಾಗಿ ನಡೆದಂತೆ ಅನಿಸುತ್ತದೆ ಎಂಬ ಕಲ್ಪನೆ. ಅವರಿಗೆ ಏನೂ ಅನಿಸುವುದಿಲ್ಲ; ಅವರ ನಾಡಿ, ಅವರ ಗಡಿಯಾರ ಎರಡೂ ಒಟ್ಟಿಗೇ ನಡೆಯುತ್ತವೆ. ವ್ಯತ್ಯಾಸ ಗೊತ್ತಾಗುವುದು ಎರಡು ಗಡಿಯಾರಗಳನ್ನು ಮತ್ತೆ ಅಕ್ಕಪಕ್ಕ ಇಟ್ಟಾಗ. ಇದು ಬರೀ ಸಿನಿಮಾ ಮಾತಲ್ಲ ಎಂದು ತೋರಿಸಲು ಮೊಬೈಲಿನ ಮ್ಯಾಪ್ ಸಾಕು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ದುರ್ಬಲ ಗುರುತ್ವದಿಂದಾಗಿ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡು ಮುಂದೋಡುತ್ತವೆ, ವೇಗದಿಂದಾಗಿ 7 ಮೈಕ್ರೋಸೆಕೆಂಡು ಹಿಂದೆ ಬೀಳುತ್ತವೆ. ಉಳಿಯುವ 38 ಮೈಕ್ರೋಸೆಕೆಂಡನ್ನು ಸರಿಪಡಿಸದಿದ್ದರೆ ಸ್ಥಾನದ ಲೆಕ್ಕ ದಿನಕ್ಕೆ ಕಿಲೋಮೀಟರುಗಟ್ಟಲೆ ತಪ್ಪುತ್ತದೆ.

ಏಳು ವರ್ಷದ ಆ ಅಂಕಿ ಹುಟ್ಟಿದ್ದು ಕಥೆಗಾಗಿ. ಚಿತ್ರದ ವಿಜ್ಞಾನ ಸಲಹೆಗಾರ, ಭೌತವಿಜ್ಞಾನಿ ಕಿಪ್ ಥಾರ್ನ್ ಅವರ ಮುಂದೆ ನೋಲನ್ ಈ ಬೇಡಿಕೆ ಇಟ್ಟಾಗ ಅದು ಆಗದ ಮಾತು ಎಂದೇ ಅವರಿಗೆ ಮೊದಲು ತೋರಿತಂತೆ. ಮನೆಗೆ ಹೋಗಿ ಲೆಕ್ಕ ಹಾಕಿದಾಗ, ಕಪ್ಪುರಂಧ್ರ ತನ್ನ ಗರಿಷ್ಠ ಮಿತಿಗೆ ಅತಿ ಸಮೀಪದ ವೇಗದಲ್ಲಿ ತಿರುಗುತ್ತಿದ್ದರೆ ಗ್ರಹವೊಂದು ಒಳಗೆ ಬೀಳದೆ ಅಷ್ಟು ಹತ್ತಿರ ಸುತ್ತಬಲ್ಲದು ಎಂಬ ಉತ್ತರ ಬಂತು. ಇದನ್ನು ಅವರೇ 2014ರ ತಮ್ಮ ‘ದ ಸೈನ್ಸ್ ಆಫ್ ಇಂಟರ್‌ಸ್ಟೆಲ್ಲರ್’ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಗುರುತ್ವ ಅಲೆಗಳ ಪತ್ತೆಗಾಗಿ 2017ರ ನೊಬೆಲ್ ಪ್ರಶಸ್ತಿಯನ್ನು ರೈನರ್ ವೈಸ್, ಬ್ಯಾರಿ ಬ್ಯಾರಿಷ್ ಅವರೊಂದಿಗೆ ಹಂಚಿಕೊಂಡವರು ಇವರೇ. ಕಪ್ಪುರಂಧ್ರ ಎಲ್ಲವನ್ನೂ ಹೀರಿಕೊಳ್ಳುತ್ತದೆ ಎಂದು ಮಕ್ಕಳು (ಕೆಲವೊಮ್ಮೆ ನಾವೂ) ನಂಬಿರುವುದನ್ನು ತಿದ್ದಲು ಈ ಲೆಕ್ಕದ ಕಥೆ ಉಪಯೋಗಕ್ಕೆ ಬರುತ್ತದೆ.

ಶಾಲೆಯ ದೃಶ್ಯ

ಕಪ್ಪುರಂಧ್ರ, ವರ್ಮ್‌ಹೋಲ್ ಎಲ್ಲ ಸರಿ. ಆದರೆ ಶಿಕ್ಷಕರಾಗಲು ಹೊರಟವರು ಈ ಚಿತ್ರಕಥೆಯಲ್ಲಿ ಬಿಡದೆ ಓದಬೇಕಾದದ್ದು ಆರಂಭದಲ್ಲಿ ಬರುವ, ಆಕಾಶಕ್ಕೆ ಸಂಬಂಧವೇ ಇಲ್ಲದಂತೆ ಕಾಣುವ ಕೆಲವು ಪುಟಗಳನ್ನು. ಕೂಪರ್‌ನನ್ನು ಶಾಲೆಗೆ ಕರೆಸಿದ್ದಾರೆ. ಒಂದು ಕಡೆ ಮುಖ್ಯೋಪಾಧ್ಯಾಯರು, ಇನ್ನೊಂದು ಕಡೆ ಮರ್ಫ್‌ಳ ಶಿಕ್ಷಕಿ.

ಮೊದಲ ವಿಷಯ ಟಾಮ್‌ನ ಅಂಕ. ಪರೀಕ್ಷೆಯ ಫಲಿತಾಂಶ ನೋಡಿದರೆ ಅವನು ಒಳ್ಳೆಯ ರೈತನಾಗುತ್ತಾನೆ, ವಿಶ್ವವಿದ್ಯಾಲಯಕ್ಕೆ ಅಲ್ಲ ಎಂದು ಹದಿನೈದನೇ ವಯಸ್ಸಿನಲ್ಲೇ ತೀರ್ಪಾಗಿಬಿಟ್ಟಿದೆ. ಕೂಪರ್ ಮುಖ್ಯೋಪಾಧ್ಯಾಯರ ಪ್ಯಾಂಟಿನ ಅಳತೆ ವಿಚಾರಿಸುತ್ತಾನೆ. ಸೊಂಟಕ್ಕೆ ಒಂದು, ಕಾಲಿನ ಉದ್ದಕ್ಕೆ ಒಂದು. ನಿಮ್ಮ ಪ್ಯಾಂಟು ಹೊಲಿಯಲು ಎರಡು ಅಂಕಿ ಬೇಕು, ನನ್ನ ಮಗನ ಭವಿಷ್ಯ ಅಳೆಯಲು ಒಂದೇ ಸಾಕೇ ಎಂಬುದು ಅವನ ಮಾತಿನ ಸಾರ. (ಮೂಲದಲ್ಲಿ ಭಾಷೆ ಇಷ್ಟು ಸಭ್ಯವಾಗಿಲ್ಲ.) ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಬಗ್ಗೆ ನಾವು ಓದುವ ಅಧ್ಯಾಯದ ತಿರುಳು ಈ ಒಂದು ಸಂಭಾಷಣೆಯಲ್ಲಿ ಇದೆ.

ಎರಡನೆಯ ವಿಷಯ ಇನ್ನೂ ಗಂಭೀರ. ಮರ್ಫ್ ಅಪ್ಪನ ಹಳೆಯ ಪಠ್ಯಪುಸ್ತಕವೊಂದನ್ನು ತರಗತಿಗೆ ತಂದಿದ್ದಾಳೆ, ಅದರಲ್ಲಿ ಚಂದ್ರನ ಮೇಲೆ ಮನುಷ್ಯರು ಇಳಿದ ವಿಷಯವಿದೆ. ಆ ಕಾಲದ ‘ತಿದ್ದಿದ’ ಪಠ್ಯದ ಪ್ರಕಾರ ಅಪೊಲೊ ಯಾನಗಳು ಸೋವಿಯತ್ ಒಕ್ಕೂಟವನ್ನು ದಿವಾಳಿ ಎಬ್ಬಿಸಲು ಹೂಡಿದ ನಾಟಕ. ಶಿಕ್ಷಕಿ ಇದನ್ನು ನಗುಮುಖದಿಂದ ವಿವರಿಸುತ್ತಾಳೆ. ಮಕ್ಕಳು ಆಕಾಶದ ಕನಸು ಕಾಣದೆ ಭೂಮಿಯ ಬಗ್ಗೆ ಕಲಿಯಲಿ ಎಂಬುದು ಅವಳ ಪ್ರಾಮಾಣಿಕ ಕಾಳಜಿ. ಇದಕ್ಕೆ ಕೂಪರ್‌ನ ಉತ್ತರ ಚಂದ್ರನ ಬಗ್ಗೆ ಅಲ್ಲವೇ ಅಲ್ಲ. ಎಂಆರ್‌ಐ ಎಂಬ ಯಂತ್ರವೊಂದಿತ್ತು, ಅದು ಉಳಿದಿದ್ದರೆ ತನ್ನ ಹೆಂಡತಿಯ ಮಿದುಳಿನ ಗಡ್ಡೆ ಅವಳು ತೀರಿಹೋಗುವ ಮುಂಚೆಯೇ ಪತ್ತೆಯಾಗುತ್ತಿತ್ತು ಎನ್ನುತ್ತಾನೆ. ಉಪಯೋಗಕ್ಕೆ ಬಾರದ್ದೆಂದು ವಿಜ್ಞಾನವನ್ನು ಕೈಬಿಟ್ಟ ಸಮಾಜ ಏನು ಕಳೆದುಕೊಳ್ಳುತ್ತದೆ ಎಂಬುದು ಒಂದೇ ಮಾತಿನಲ್ಲಿ ಬಂದುಬಿಡುತ್ತದೆ.

ಸಿನಿಮಾದಲ್ಲಿ ಈ ದೃಶ್ಯ ಬಂದಾಗ ಚಿತ್ರಮಂದಿರ ನಗುತ್ತದೆ, ನಾನೂ ನಕ್ಕಿದ್ದೆ. ಪುಟದಲ್ಲಿ ಓದಿದಾಗ ಶಿಕ್ಷಕಿಯ ಮಾತಿನ ಸಾಲುಗಳ ಮುಂದೆ ತಡೆದು ನಿಂತೆ. ಅವಳು ಖಳನಾಯಕಿಯಲ್ಲ. ತಯಾರಿ ಮಾಡಿಕೊಂಡು ಬಂದಿದ್ದಾಳೆ, ಪಠ್ಯಕ್ಕೆ ನಿಷ್ಠಳಾಗಿದ್ದಾಳೆ, ಪೋಷಕರೊಂದಿಗೆ ಸೌಜನ್ಯದಿಂದಿದ್ದಾಳೆ. ನಮ್ಮ ವೀಕ್ಷಣಾ ನಮೂನೆಯಲ್ಲಿ ಅವಳಿಗೆ ಒಳ್ಳೆಯ ಶ್ರೇಣಿಯೇ ಸಿಗುತ್ತಿತ್ತು. ವಿಷಯಜ್ಞಾನದ ಕಲಮಿನಲ್ಲಿ ನಾವು ಪರೀಕ್ಷಿಸುವುದು ಪಾಠ ಪಠ್ಯಪುಸ್ತಕಕ್ಕೆ ಹೊಂದುತ್ತದೆಯೇ ಎಂಬುದನ್ನು. ಪಠ್ಯವೇ ತಪ್ಪಿದ್ದರೆ ಆ ನಮೂನೆಗೆ ಅದು ಗೊತ್ತಾಗುವುದಿಲ್ಲ.

ಇದು ಅಮೆರಿಕದ ಕಲ್ಪಿತ ಶಾಲೆಯೊಂದರ ಕಥೆ ಎಂದು ಬಿಟ್ಟುಬಿಡುವ ಹಾಗಿಲ್ಲ. ಚಂದ್ರಯಾನ-3 ಇಳಿದ 2023ರ ಆಗಸ್ಟ್ 23ರ ಸಂಜೆಯನ್ನು ಟಿವಿಯಲ್ಲಿ ನೋಡಿದ ಮಕ್ಕಳೇ, ಅಮೆರಿಕದವರು ಚಂದ್ರನ ಮೇಲೆ ಹೋದದ್ದು ಸುಳ್ಳಂತೆ, ಮೊಬೈಲಿನಲ್ಲಿ ಬಂದಿತ್ತು ಎಂದು ನನ್ನನ್ನು ಕೇಳಿದ್ದಾರೆ. ಪುಸ್ತಕದಲ್ಲಿದೆ, ಆದ್ದರಿಂದ ನಿಜ ಎಂದು ಉತ್ತರಿಸಿದರೆ ನಾವು ಆ ಶಿಕ್ಷಕಿಯ ಜಾಗದಲ್ಲೇ ನಿಂತಂತೆ. ನಮ್ಮ ಪುಸ್ತಕ ಸರಿಯಿರುವುದು ನಮ್ಮ ಅದೃಷ್ಟವಷ್ಟೆ. ಸಾಕ್ಷ್ಯ ಕೊಡಬೇಕು. ಅಪೊಲೊ 11, 14 ಮತ್ತು 15ರ ಯಾತ್ರಿಗಳು ಚಂದ್ರನ ಮೇಲೆ ಪ್ರತಿಫಲಕಗಳನ್ನು ಇಟ್ಟು ಬಂದಿದ್ದಾರೆ. ಭೂಮಿಯಿಂದ ಲೇಸರ್ ಕಿರಣ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಅದು ಮರಳುತ್ತದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ದೂರ ಸರಿಯುತ್ತಿದ್ದಾನೆ ಎಂದು ಇಷ್ಟು ನಿಖರವಾಗಿ ಗೊತ್ತಾದದ್ದು ಈ ಅಳತೆಗಳಿಂದಲೇ. ಆರು ಯಾನಗಳು ತಂದ 382 ಕಿಲೋಗ್ರಾಂ ಕಲ್ಲು ಮಣ್ಣನ್ನು ಹಲವು ದೇಶಗಳ ಪ್ರಯೋಗಾಲಯಗಳು ಪರೀಕ್ಷಿಸಿವೆ. ಇಳಿದ ಜಾಗಗಳನ್ನು ನಾಸಾದ ಚಂದ್ರಕಕ್ಷಾ ನೌಕೆ 2009ರಿಂದ ಚಿತ್ರ ತೆಗೆದಿದೆ. ನಮ್ಮ ಇಸ್ರೋದ ಚಂದ್ರಯಾನ-2ರ ಕ್ಯಾಮೆರಾ ಕೂಡ ಅಪೊಲೊ 11 ಇಳಿದ ಜಾಗವನ್ನು ಸೆರೆಹಿಡಿದಿದೆ. ಲೇಸರ್ ಸಾಕ್ಷ್ಯವನ್ನು ಹೇಳಿದಾಗ ಒಬ್ಬ ಹುಡುಗ, ಅದನ್ನು ರೋಬೋಟ್ ಕೂಡ ಇಟ್ಟಿರಬಹುದಲ್ಲ ಸರ್ ಎಂದ. ಒಳ್ಳೆಯ ಆಕ್ಷೇಪಣೆ. ಸೋವಿಯತ್ ದೇಶದ ಲೂನೊಖೋದ್ ಯಂತ್ರಗಳು ಹಾಗೆಯೇ ಪ್ರತಿಫಲಕ ಒಯ್ದದ್ದು ನಿಜ. ಆದ್ದರಿಂದ ಒಂದೇ ಸಾಕ್ಷ್ಯ ಸಾಲದು, ಹಲವು ಸಾಕ್ಷ್ಯಗಳು ಒಂದೇ ಕಡೆ ಬೆರಳು ತೋರಬೇಕು ಎಂಬಲ್ಲಿಗೆ ಮಾತು ಬೆಳೆಯಿತು.

ಇದೇ ಚಿತ್ರಕಥೆಯಲ್ಲಿ, ಶಾಲೆಯ ಆ ದೃಶ್ಯಕ್ಕೂ ಮೊದಲೇ, ಮನೆಯೊಳಗೆ ಇನ್ನೊಂದು ವಿಜ್ಞಾನ ತರಗತಿ ನಡೆದುಹೋಗಿರುತ್ತದೆ. ತನ್ನ ಕೋಣೆಯಲ್ಲಿ ದೆವ್ವ ಪುಸ್ತಕ ಬೀಳಿಸುತ್ತಿದೆ ಎಂದು ಮರ್ಫ್ ಹೇಳಿದಾಗ ಅಪ್ಪ ಅವಳನ್ನು ಗದರಿಸುವುದಿಲ್ಲ, ದೆವ್ವ ಇದೆ ಎಂದು ಒಪ್ಪಿಕೊಳ್ಳುವುದೂ ಇಲ್ಲ. ನಡೆದದ್ದನ್ನು ದಾಖಲಿಸು, ವಿಶ್ಲೇಷಿಸು, ಹೇಗೆ ಮತ್ತು ಏಕೆ ಎಂಬಲ್ಲಿಗೆ ತಲುಪಿ ನಿನ್ನ ತೀರ್ಮಾನ ಹೇಳು ಎನ್ನುತ್ತಾನೆ. ಹುಡುಗಿ ಬರೆದಿಡಲು ಶುರುಮಾಡುತ್ತಾಳೆ. ಎರಡು ದೃಶ್ಯಗಳ ನಡುವೆ ಹೆಚ್ಚು ಪುಟಗಳಿಲ್ಲ. ಒಂದನ್ನು ಓದಿ ಪುಟ ಹಿಂದಕ್ಕೆ ತಿರುಗಿಸಿ ಇನ್ನೊಂದನ್ನು ಓದಬಹುದು ಎಂಬುದೇ ಪುಸ್ತಕದ ಅನುಕೂಲ.

ತರಗತಿಗೆ ಒಯ್ಯುವುದಾದರೆ

ಚಿತ್ರಕಥೆಯನ್ನು ಹಾಗೆಯೇ ಜೆರಾಕ್ಸ್ ಮಾಡಿಸಿ ಹಂಚುವುದು ಬೇಡ. ಹಕ್ಕುಸ್ವಾಮ್ಯದ ಮಾತು ಒಂದು. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಇಂಗ್ಲಿಷ್ ಕಷ್ಟ ಎಂಬುದು ಇನ್ನೊಂದು. ಸನ್ನಿವೇಶವನ್ನು ನಮ್ಮ ಮಾತಿನಲ್ಲಿ ಅರ್ಧ ಪುಟಕ್ಕೆ ಬರೆದುಕೊಂಡರೆ ಸಾಕು. ಆ ಬರವಣಿಗೆಯೇ ನಮಗೆ ಒಳ್ಳೆಯ ತಯಾರಿ. ಸಿನಿಮಾ ತುಣುಕು ತೋರಿಸುವುದಿದ್ದರೆ ಓದಿದ ಮೇಲೆ ತೋರಿಸಿ. ಮೊದಲೇ ತೋರಿಸಿದರೆ ಅಲೆಯನ್ನು ನೋಡಿದ ಕಣ್ಣಿಗೆ ಅನುಪಾತ ಕಾಣುವುದಿಲ್ಲ.

ಥಾರ್ನ್ ತಮ್ಮ ಪುಸ್ತಕದಲ್ಲಿ ಚಿತ್ರದ ವಿಜ್ಞಾನವನ್ನು ಸತ್ಯ, ಬಲ್ಲವರ ಊಹೆ, ಬರೀ ಕಲ್ಪನೆ ಎಂದು ಮೂರು ಬಗೆಯಾಗಿ ಗುರುತು ಹಾಕಿದ್ದಾರೆ. ಇದನ್ನೇ ಗುಂಪು ಚಟುವಟಿಕೆ ಮಾಡಬಹುದು. ಗುರುತ್ವದಿಂದ ಕಾಲ ಹಿಗ್ಗುವುದು ಸತ್ಯದ ಪಟ್ಟಿಗೆ. ಮನುಷ್ಯರು ದಾಟಬಲ್ಲ ವರ್ಮ್‌ಹೋಲ್ ಮತ್ತು ಕಪ್ಪುರಂಧ್ರದ ಒಳಗಿನ ಕೊನೆಯ ಭಾಗ ಕಲ್ಪನೆಯ ಪಟ್ಟಿಗೆ. ತೆರೆಯ ಮೇಲೆ ಕಾಣುವ ಕಪ್ಪುರಂಧ್ರದ ಚಿತ್ರವನ್ನು ಎಲ್ಲಿಗೆ ಸೇರಿಸುವುದು ಎಂಬುದು ಚರ್ಚೆಗೆ ತಕ್ಕ ಪ್ರಶ್ನೆ. ಸಮೀಕರಣಗಳಿಂದಲೇ ಅದನ್ನು ರೂಪಿಸಿದರು, ಆದರೆ ಸುತ್ತುವ ಅನಿಲದ ಒಂದು ಬದಿ ಹೆಚ್ಚು ಪ್ರಕಾಶಮಾನವಾಗಿ ಕಾಣಬೇಕಿದ್ದುದನ್ನು ಪ್ರೇಕ್ಷಕರಿಗೆ ಗೊಂದಲವಾಗದಿರಲೆಂದು ಕೈಬಿಟ್ಟರು. 2019ರಲ್ಲಿ ಪ್ರಕಟವಾದ ಎಂ87 ಗ್ಯಾಲಕ್ಸಿಯ ಕಪ್ಪುರಂಧ್ರದ ನಿಜವಾದ ಚಿತ್ರದಲ್ಲಿ ಉಂಗುರದ ಒಂದು ಬದಿ ಹೆಚ್ಚು ಬೆಳಗುತ್ತಿರುವುದನ್ನು ಮಕ್ಕಳು ತಾವೇ ಗುರುತಿಸಬಲ್ಲರು.

ಜೀವಶಾಸ್ತ್ರದ ಸ್ನೇಹಿತರಿಗೂ ಕೆಲಸವಿದೆ. ಬೆಳೆರೋಗದ ಜೀವಿ ಸಾರಜನಕವನ್ನು ಉಸಿರಾಡುತ್ತದೆ, ವಾತಾವರಣದಲ್ಲಿ 80 ಪ್ರತಿಶತ ಸಾರಜನಕವಿದೆ, ಅದು ಹೆಚ್ಚಿದಂತೆ ನಮಗೆ ಆಮ್ಲಜನಕ ಕಡಿಮೆಯಾಗುತ್ತದೆ ಎಂದು ಪ್ರೊಫೆಸರ್ ಬ್ರಾಂಡ್ ಹೇಳುತ್ತಾನೆ. ನಮ್ಮ ಪಠ್ಯದಲ್ಲಿ 78 ಪ್ರತಿಶತ ಎಂದಿದೆ, ಇದು ಸಣ್ಣ ವಿಷಯ. ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾ ನಮ್ಮ ಕಡಲೆ, ತೊಗರಿ ಗಿಡಗಳ ಬೇರಿನ ಗಂಟುಗಳಲ್ಲೇ ಇವೆ. ಅವು ಸಾರಜನಕವನ್ನು ‘ಉಸಿರಾಡುತ್ತವೆ’ ಎನ್ನಬಹುದೇ, ಅವುಗಳಿಂದ ಆಮ್ಲಜನಕ ಕಡಿಮೆಯಾಗುತ್ತದೆಯೇ? ಈ ಎರಡು ಪ್ರಶ್ನೆಗಳನ್ನು 10ನೇ ತರಗತಿಯ ಉಸಿರಾಟದ ಪಾಠದ ನಂತರ ಗುಂಪುಗಳಿಗೆ ಕೊಟ್ಟು, ಪ್ರೊಫೆಸರ್ ಬ್ರಾಂಡ್‌ನ ಮಾತನ್ನು ಸರಿಯಾಗುವಂತೆ ತಿದ್ದಿ ಬರೆಯಿರಿ ಎಂದು ಹೇಳುವುದು ನನ್ನ ಮುಂದಿನ ಹಂತದ ಇಂಟರ್ನ್‌ಶಿಪ್‌ನ ಯೋಜನೆ. ಪಾಠಯೋಜನೆಯ ಪುಟದಲ್ಲಿ ‘ವಿದ್ಯಾರ್ಥಿಗಳು ಅರ್ಥಮಾಡಿಕೊಳ್ಳುವರು’ ಎಂಬ ಸಾಲಿನ ಜಾಗದಲ್ಲಿ ಸದ್ಯಕ್ಕೆ ‘ಐದು ಗುಂಪುಗಳು ಸಂಭಾಷಣೆಯನ್ನು ತಿದ್ದಿ ಬರೆದು ಗಟ್ಟಿಯಾಗಿ ಓದುವುವು’ ಎಂದು ಬರೆದಿದ್ದೇನೆ.